ಮಡಚದ ಮೊಣಕೈ

ಉತ್ತರ ಕೊಡುವ ಮೊದಲು ಆ ಹೆಂಗಸು ಒಂದು ಕ್ಷಣ ತಡೆದಳೇ, ಇಲ್ಲವೇ? ಇಷ್ಟು ವರ್ಷಗಳಾದರೂ ಖಚಿತವಾಗಿ ಹೇಳಲು ನನಗೆ ಬರುವುದಿಲ್ಲ. ನೆನಪಿನಲ್ಲಿ ಅವಳು ತಡೆಯುತ್ತಾಳೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮೇಜಿನ ಮೇಲಿದ್ದ ಎಲುಬುಗಳನ್ನು ಬಿಟ್ಟು ಕಿಟಕಿಯ ಕಡೆ ನೋಡಿ, ಆಮೇಲೆ ಹೇಳುತ್ತಾಳೆ. ಆದರೆ ನಿಜ ಗೊತ್ತಾದ ಮೇಲೆ ಈ ತಡೆಯನ್ನು ನಾನೇ ಸೇರಿಸಿಕೊಂಡಿರಬಹುದು. ನನಗೆ ಅನುಕೂಲವಾಗುವಂತೆ ನನ್ನ ನೆನಪು ಇಂಥ ಕೆಲಸಗಳನ್ನು ಮಾಡಿದ್ದನ್ನು ಬೇರೆ ಕಡೆಯೂ ಹಿಡಿದಿದ್ದೇನೆ.

ವರ್ಷವೂ ಗಟ್ಟಿಯಿಲ್ಲ. ಅರವತ್ತೈದರ ಕೊನೆ ಇರಬೇಕು, ಅಥವಾ ಅರವತ್ತಾರರ ಮೊದಲು. ಯುದ್ಧದ ದಿನಗಳಲ್ಲಿ ಕಿಟಕಿಯ ಗಾಜುಗಳಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ನಮ್ಮ ವಿಭಾಗದಲ್ಲಿ ಇನ್ನೂ ಪೂರ್ತಿ ಕಿತ್ತಿರಲಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡು ಕೆಲಸ ಮಾಡುತ್ತಿದ್ದೆವು.

ನಾನು ಆಗ ಬರೋಡಾದ ಒಂದು ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್. ತಪಾಸಣಾ ಸಮಿತಿ ಬರುವುದಿತ್ತು. ವಿಭಾಗದಲ್ಲಿ ತೂಗುಹಾಕಿದ ಪೂರ್ಣ ಅಸ್ಥಿಪಂಜರ ಎರಡು ಇರಬೇಕೆಂಬುದು ನಿಯಮ, ನಮ್ಮಲ್ಲಿದ್ದದ್ದು ಒಂದು. ಎರಡನೆಯದೆಂದು ಕಲ್ಕತ್ತೆಯಿಂದ ತರಿಸಿದ್ದು ಪೆಟ್ಟಿಗೆಯೊಳಗೇ ಸೊಂಟ ಒಡೆದುಕೊಂಡು ಬಂದಿತ್ತು. ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, ಇನ್ನೊಂದನ್ನು ನಾವೇ ಕಟ್ಟೋಣ, ನೀವು ಕಟ್ಟಿ ಎಂದರು. ಆ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

ಕೈಗೆ ಸಿಕ್ಕಿದ್ದು ಹಿಂದಿನ ವರ್ಷದ ಮೂರು ಶವಗಳ ಎಲುಬುಗಳು. ಆ ವರ್ಷ ನಮ್ಮಲ್ಲಿ ಶವಗಳ ಕೊರತೆಯಾಗಿ, ವಾರಸುದಾರರಿಲ್ಲದ ಮೂರನ್ನು ಅಹಮದಾಬಾದಿನ ಒಂದು ಆಸ್ಪತ್ರೆಯಿಂದ ತರಿಸಿದ್ದರು. ಹುಡುಗರು ವರ್ಷವಿಡೀ ಕೊಯ್ದು ಕಲಿತ ಮೇಲೆ ಉಳಿದದ್ದನ್ನು ನಮ್ಮ ಅಟೆಂಡರ್ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ನೆನೆಹಾಕಿದ್ದ. ಅರವತ್ತರ ಹತ್ತಿರದ ಆ ಗುಜರಾತಿ ಮನುಷ್ಯನನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ತೊಟ್ಟಿ ಇದ್ದದ್ದು ಒಂದೇ. ಮೂರನ್ನೂ ಒಟ್ಟಿಗೇ ಹಾಕಿದ್ದ.

"ಬೇರೆಬೇರೆ ಇಡಬೇಕಿತ್ತಲ್ಲ ಕಾಕಾ" ಎಂದು ಹಿಂದಿಯಲ್ಲಿ ಕೇಳಿದೆ.

"ಸಾಹೇಬ್, ಬದುಕಿದ್ದಾಗ ಸ್ಟೇಷನ್ನಿನಲ್ಲಿ ಒಟ್ಟಿಗೇ ಮಲಗಿದವರು. ಇಲ್ಲೇನು ಜಗಳ ಆಡುತ್ತಾರಾ?" ಎಂದ.

ಆರು ವಾರ ನೀರಿನಲ್ಲಿ ಕೊಳೆಸಿ, ವಾಷಿಂಗ್ ಸೋಡಾ ಹಾಕಿ ಕುದಿಸಿ, ತೆಂಗಿನ ನಾರಿನಿಂದ ಉಜ್ಜಿ, ಜಿಡ್ಡು ಹೋಗಲು ಪೆಟ್ರೋಲಿನಲ್ಲಿಟ್ಟು, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿಮಾಡಿ ನೆರಳಲ್ಲಿ ಒಣಗಿಸುವುದು ಕ್ರಮ. ಬಿಸಿಲಿಗಿಟ್ಟರೆ ಎಲುಬು ಸೀಳುತ್ತದೆ. ಒಣಗಿದ ಮೇಲೆ ನನ್ನ ಕೆಲಸ ಶುರುವಾಯಿತು. ಆರುನೂರಕ್ಕೂ ಹೆಚ್ಚು ಎಲುಬುಗಳನ್ನು ನೆಲದ ಮೇಲೆ ಹರಡಿ, ಬಲ ಯಾವುದು, ಎಡ ಯಾವುದು, ಯಾವುದು ಯಾವುದಕ್ಕೆ ಕೂರುತ್ತದೆ ಎಂದು ಜೋಡಿಸಬೇಕು. ತೊಡೆಯೆಲುಬಿನ ಗುಂಡು ಸೊಂಟದ ಬಟ್ಟಲಿನಲ್ಲಿ ಅಲುಗಾಡದೆ ಕೂತರೆ ಅವೆರಡೂ ಒಬ್ಬನವು ಎಂದು ಊಹಿಸಬಹುದು. ಬೆನ್ನುಮೂಳೆಯ ಮಣಿಗಳೂ ಒಂದರ ಮೇಲೊಂದು ಹಾಗೆಯೇ ಕೂರುತ್ತವೆ. ಆದರೆ ಕೈಕಾಲಿನ ಬೆರಳುಗಳ ಎಲುಬು ಅಷ್ಟು ಪ್ರಾಮಾಣಿಕವಲ್ಲ; ಯಾರದ್ದು ಯಾರಿಗಾದರೂ ಹೊಂದುತ್ತದೆ. ಒಂದು ವಾರದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಯಿತು: ನಾನು ಕಟ್ಟುವ ಅಸ್ಥಿಪಂಜರ ಒಬ್ಬ ಮನುಷ್ಯನದಾಗಿರುವುದಿಲ್ಲ. ಮೂವರಲ್ಲಿ ಚೆನ್ನಾಗಿದ್ದದ್ದನ್ನು ಆರಿಸಿ ಒಬ್ಬನನ್ನು ಮಾಡುತ್ತಿದ್ದೆ.

ಆರಿಸುವಾಗ ಪಕ್ಕಕ್ಕಿಟ್ಟದ್ದು ಒಂದೇ ತುಂಡು. ತೋಳಿನ ಎಲುಬೂ ಮುಂದೋಳಿನ ಒಳಬದಿಯ ಎಲುಬೂ ಸೇರಿ ಒಂದೇ ಎಲುಬಾಗಿತ್ತು. ಸಾಮಾನ್ಯವಾಗಿ ಮೊಣಕೈ ಬಾಗಿಲಿನ ತಿರುಗಣೆಯ ಹಾಗೆ. ತೋಳೆಲುಬಿನ ತುದಿಯ ರಾಟೆಯನ್ನು ಮುಂದೋಳಿನ ಎಲುಬು ಕೊಕ್ಕೆಯಂತೆ ಹಿಡಿದು ಅದರ ಸುತ್ತ ಜಾರುತ್ತದೆ. ಇಲ್ಲಿ ರಾಟೆಯೂ ಇರಲಿಲ್ಲ, ಕೊಕ್ಕೆಯೂ ಇರಲಿಲ್ಲ. ಎರಡೂ ಕರಗಿ ಬೆಸೆದು ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದವು. ಬೆಸುಗೆಯ ಹಿಂಬದಿಯಲ್ಲಿ ಅಂಚು ನುಣುಪಾದ ಒಂದು ಸಣ್ಣ ತೂತಿತ್ತು. ಬಲಗೈ. ಶವಗಳ ರಿಜಿಸ್ಟರಿನಲ್ಲೂ ಮೂರನೆಯದರ ಎದುರು "ಗಂಡಸು, ಸುಮಾರು ಮೂವತ್ತು, ಬಲ ಮೊಣಕೈ ಮಡಚುವುದಿಲ್ಲ" ಎಂದಿತ್ತು. ಆ ರಾಶಿಯಲ್ಲಿ ಯಾರದ್ದೆಂದು ಹೇಳಬಹುದಾದ ಎಲುಬು ಅದೊಂದೇ.

ಮುಖ್ಯಸ್ಥರಿಗೆ ಅದು ಇಷ್ಟವಾಯಿತು. ಅಸ್ಥಿಪಂಜರಕ್ಕೆ ಬೇಡ, ಉದ್ದಕ್ಕೆ ಸೀಳಿ ಮ್ಯೂಸಿಯಮ್ಮಿಗೆ ಹಾಕಿ, ಕೀಲು ಮುಚ್ಚಿಹೋಗುವುದನ್ನು ಹುಡುಗರಿಗೆ ತೋರಿಸಬಹುದು ಎಂದರು.

ಅದಾದ ಎರಡು ಮೂರು ದಿನಕ್ಕೆ ಅವಳು ಬಂದಳು. ಕಾಕಾ ಬಾಗಿಲಲ್ಲಿ ನಿಂತು "ಮದ್ರಾಸಿ ಸಾಹೇಬ್, ನಿಮ್ಮ ಭಾಷೆಯವಳು. ಬೆಳಗಿನಿಂದ ಎಲ್ಲಾ ಆಫೀಸು ಸುತ್ತಿದ್ದಾಳೆ" ಎಂದ. ಬರೋಡಾದಲ್ಲಿ ವಿಂಧ್ಯದ ದಕ್ಷಿಣದವರೆಲ್ಲ ಮದ್ರಾಸಿಗಳು. ನಾನು ಧಾರವಾಡದ ಕಡೆಯವನೆಂದು ಹೇಳುವುದನ್ನು ಎಂದೋ ಬಿಟ್ಟಿದ್ದೆ.

ನಲವತ್ತರ ಆಸುಪಾಸಿನ ಹೆಂಗಸು. ಸೂರತ್ತಿನ ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯವರ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವ ಕೆಲಸ. ತಮ್ಮನನ್ನೂ ಊರಿಂದ ಅಲ್ಲಿಗೆ ಕರೆಸಿಕೊಂಡಿದ್ದಳು. ಅವನು ಒಂದು ದಿನ ಹೇಳದೆ ಹೋದವನು ಎರಡು ವರ್ಷವಾದರೂ ಬಂದಿರಲಿಲ್ಲ. ಅಹಮದಾಬಾದಿನ ಪೊಲೀಸರು, ಕೈ ಸೆಟೆದ ಒಬ್ಬನ ಹೆಣ ಬರೋಡಾದ ಕಾಲೇಜಿಗೆ ಹೋಗಿದೆ ಎಂದು ಹೇಳಿ ಕಳಿಸಿದ್ದರು.

"ಮುಖ ನೋಡ್ಲಿಕ್ಕೆ ಆಗ್ತದಾ ಡಾಕ್ಟ್ರೇ?"

"ಇಲ್ರಿ ಅಕ್ಕಾವ್ರ. ವರ್ಷ ಆತು. ಈಗ ಎಲುಬು ಅಷ್ಟ ಅದಾವ."

ಅವಳು ಅಳಲಿಲ್ಲ. "ನಂಗೆ ಒಂದು ಮಾತು ಗೊತ್ತಾದ್ರೆ ಸಾಕು. ಸತ್ತದ್ದು ಹೌದಾದ್ರೆ ಊರಲ್ಲಿ ಕ್ರಿಯೆ ಮಾಡಿಸ್ತೇನೆ. ಅಲ್ಲ ಅಂತಾದ್ರೆ ಹುಡುಕುದು. ರಜೆ ಸಿಕ್ಕಿದಾಗೆಲ್ಲ ಒಂದೊಂದು ಸ್ಟೇಷನ್ನಿಗೆ ಹೋಗ್ತೇನೆ ಡಾಕ್ಟ್ರೇ, ಪ್ಲಾಟ್‌ಫಾರ್ಮಿನಲ್ಲಿ ಮಲಗಿದವರ ಕಂಬಳಿ ಎತ್ತಿ ನೋಡ್ತೇನೆ. ಬೈತಾರೆ. ಎರಡೂ ಅಲ್ಲದೆ ಹೀಗೆ ಎಷ್ಟು ದಿನ ಇರುದು?"

ಕೈಯ ಕತೆ ಹೇಳಿದಳು. ಏಳು ವರ್ಷದವನಿದ್ದಾಗ ಗೇರುಮರದಿಂದ ಬಿದ್ದ. ಎಲುಬು ಕಟ್ಟುವವರು ಬಿದಿರಿನ ಪಟ್ಟಿ ಇಟ್ಟು ನೆಟ್ಟಗೆ ಕಟ್ಟಿದರು. ಹಿಡಿದುಕೊಂಡವಳು ಅವಳೇ. "ಒಳಗೆ ಕೀವಾಗಿ ಒಂದು ಮಳೆಗಾಲ ಪೂರ್ತಿ ಸೋರ್ತಿತ್ತು. ಮತ್ತೆ ಕೈ ಮಡಚ್ಲೇ ಇಲ್ಲ. ಅದು ಅವನ..." ಎಂದು ಕೈಯೆತ್ತಿದಳು.

"ಯಾವ ಕೈ ಅಂತ ಹೇಳಬ್ಯಾಡ್ರಿ" ಎಂದು ನಾನು ತಡೆದೆ.

ಇದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆಗ ನನಗೆ ಹೆಮ್ಮೆಯಾಗಿತ್ತು. ಪೊಲೀಸರು ಅವಳಿಗೆ ಬಲಗೈ ಎಂದು ಹೇಳಿ ಕಳಿಸಿರಬಹುದು. ಎರಡು ವರ್ಷ ಹುಡುಕಿದವಳು ತನಗೆ ಬೇಕಾದ ಉತ್ತರವನ್ನೇ ಹೇಳುತ್ತಾಳೆ. ಸಾಕ್ಷಿಯ ಬಾಯಿಗೆ ನಾವು ಮಾತು ಹಾಕಬಾರದು, ಅವಳಿಗೆ ಗೊತ್ತಾಗದಂತೆ ಬೇರೆ ದಾರಿಯಲ್ಲಿ ಕೇಳಬೇಕು. ನೆಟ್ಟಗೆ ನಿಂತ ಕೈ ಬಾಯಿಯವರೆಗೆ ಬರುವುದಿಲ್ಲ. ಹಾಗಾಗಿ ಕೇಳಿದೆ:

"ನಿಮ್ಮ ತಮ್ಮ ಊಟ ಯಾವ ಕೈಲೆ ಮಾಡ್ತಿದ್ದ?"

ತಡೆದಳೋ ಇಲ್ಲವೋ.

"ಬಲಗೈಯಲ್ಲಿ. ಮತ್ತೆ? ಎಡಗೈಯಲ್ಲಿ ಉಣ್ತಾರಾ ಯಾರಾದ್ರೂ?"

ಲೆಕ್ಕ ಸುಲಭವಾಯಿತು. ಬಲಗೈ ಬಾಯಿಗೆ ಹೋಗುತ್ತಿತ್ತು, ಆದ್ದರಿಂದ ಕೆಟ್ಟದ್ದು ಎಡಗೈ. ನಮ್ಮಲ್ಲಿದ್ದದ್ದು ಬಲ. ನೆಟ್ಟಗೆ ಕಟ್ಟಿ ಕೆಡಿಸಿದ ಮೊಣಕೈಗಳು ದೇಶದಲ್ಲಿ ಬೇಕಾದಷ್ಟಿವೆ. ಆ ಸಣ್ಣ ತೂತಿನ ನೆನಪು ಬಂತು. ಅದನ್ನು ಬದಿಗೆ ಸರಿಸಿದೆ.

"ಅವ್ರು ನಿಮ್ಮ ತಮ್ಮ ಅಲ್ರಿ" ಎಂದೆ. "ಖಾತ್ರಿ ಹೇಳ್ತೀನಿ."

ಅವಳು ಕೈಮುಗಿದಳು. ಮುಖದಲ್ಲಿ ಸಮಾಧಾನವಿತ್ತೋ ದಣಿವೋ ನಾನು ಗಮನಿಸಲಿಲ್ಲ. ಹೋಗುವಾಗ ಆನಂದ್ ಎಂಬ ಊರಿಗೆ ಹೋಗುವ ರೈಲು ಎಷ್ಟು ಹೊತ್ತಿಗೆ ಎಂದು ಕಾಕಾನನ್ನು ಹರಕು ಹಿಂದಿಯಲ್ಲಿ ಕೇಳಿದ್ದು ಕೇಳಿಸಿತು. ಆ ಸ್ಟೇಷನ್ನನ್ನು ಅವಳು ಇನ್ನೂ ನೋಡಿರಲಿಲ್ಲ.

ಮುಂದಿನ ವಾರವೆಲ್ಲ ಕಟ್ಟುವ ಕೆಲಸ. ಬೆನ್ನುಮೂಳೆಯ ಮಣಿಗಳೊಳಗೆ ಕಬ್ಬಿಣದ ಸರಳು ತೂರಿಸಿ, ನಡುನಡುವೆ ಜೀವಂತ ದೇಹದಲ್ಲಿರುವ ಮೆದು ಗಾದಿಗಳಿಗೆ ಬದಲು ಉಣ್ಣೆಯ ಬಿಲ್ಲೆಗಳನ್ನಿಟ್ಟೆ. ಕೈಡ್ರಿಲ್ಲಿನಿಂದ ತೂತು ಕೊರೆದು ಹಿತ್ತಾಳೆ ತಂತಿ ಬಿಗಿದೆ. ಮೊದಲ ಸಲ ಮೊಣಕಾಲು ಹಿಂದುಮುಂದಾಗಿ ಮಡಚಿತು; ಬಿಚ್ಚಿ ಮತ್ತೆ ಕಟ್ಟಿದೆ. ಪಕ್ಕೆಲುಬೊಂದು ಡ್ರಿಲ್ಲಿಗೆ ಸೀಳಿತು. ಅದಕ್ಕೆ ಬದಲು ರಾಶಿಯಿಂದ ಇನ್ನೊಂದು ಪಕ್ಕೆಲುಬು ತೆಗೆದುಕೊಂಡೆ. ಕೊನೆಗೆ ಮೊಣಕೈಯ ತುಂಡನ್ನು ಮೇಜಿನ ವೈಸಿಗೆ ಸಿಕ್ಕಿಸಿ ಸಣ್ಣ ಹಲ್ಲಿನ ಗರಗಸದಿಂದ ಉದ್ದಕ್ಕೆ ಸೀಳಿದೆ. ಒಂದು ಗಂಟೆಯ ಮೇಲೆ ಹಿಡಿಯಿತು. ಸುಟ್ಟ ಕೊಂಬಿನ ವಾಸನೆ.

ಎರಡು ಹೋಳುಗಳನ್ನು ದೀಪದ ಕೆಳಗೆ ತೆರೆದೆ. ಕೀಲಿದ್ದ ಜಾಗದಲ್ಲಿ ಜೇನುಗೂಡಿನಂಥ ಎಲುಬಿನ ಎಳೆಗಳು ತೋಳಿನಿಂದ ಮುಂದೋಳಿಗೆ ಅಡೆತಡೆಯಿಲ್ಲದೆ ಹಾದುಹೋಗಿದ್ದವು. ಅಲ್ಲಿ ಎಂದಾದರೂ ಕೀಲಿತ್ತೆಂದು ಹೇಳುವಂತಿರಲಿಲ್ಲ. ಮತ್ತೆ ಆ ತೂತು: ಹೊರಗಿನಿಂದ ಬೆಸುಗೆಯ ನಡುವಿನವರೆಗೆ ಗಟ್ಟಿಗೋಡೆಯ ಒಂದು ಸಣ್ಣ ಸುರಂಗ. ಎಳವೆಯಲ್ಲಿ ತಿಂಗಳುಗಟ್ಟಲೆ ಕೀವು ಹರಿದು ವಾಸಿಯಾದದ್ದು ಹಾಗೆ ಕಾಣುತ್ತದೆ. ಒಂದು ಮಳೆಗಾಲ ಪೂರ್ತಿ ಎಂದಿದ್ದಳು.

ಆ ಭಾನುವಾರವೇ ಸೂರತ್ತಿಗೆ ಹೋದೆ. ಹೋಟೆಲ್ಲಿನ ಮಾಲಕರು ಗಲ್ಲಾದಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ "ಬನ್ನಿ ಡಾಕ್ಟ್ರೇ, ಬನ್ನಿ. ನಮ್ಮ ಇಡ್ಲಿ ತಿಂದು ಯಾರಾದ್ರೂ ಸತ್ರಾ ಅಂತ ನೋಡ್ಲಿಕ್ಕೆ ಬಂದದ್ದಾ?" ಎಂದು ನಕ್ಕರು. ಕಾಫಿ ತರಿಸಿದರು.

"ನಿಮ್ಮಲ್ಲಿ ಕೈ ಸೆಟೆದವ ಒಬ್ಬ ಇದ್ನಲ್ರಿ. ಅವ ಯಾವ ಕೈಲೆ ಉಣ್ತಿದ್ದ?"

"ಅಯ್ಯೋ, ಆ ಕತೆ ಬೇಡ ಮಾರಾಯ್ರೆ. ಎಡಗೈ. ಬಲಗೈ ಒನಕೆಯ ಹಾಗೆ ನೆಟ್ಟಗೆ ಉಂಟಲ್ಲ, ಪಾಪ, ಎಂತ ಮಾಡ್ತಾನೆ? ಸಾಂಬಾರಿನ ಬಕೆಟು ಹೊರ್ಲಿಕ್ಕೆ ಆ ಕೈ ಭಾರೀ ಒಳ್ಳೇದಿತ್ತು. ಆದ್ರೆ ಗಿರಾಕಿಗಳ ಎದುರು ಎಡಗೈಯಲ್ಲಿ ಉಣ್ಣುವವನನ್ನು ಕೂರಿಸ್ಲಿಕ್ಕೆ ಆಗ್ತದಾ ನೀವೇ ಹೇಳಿ. ಬೇರೆ ಕೆಲಸದವರೂ ಪಂಕ್ತಿಯಲ್ಲಿ ಬೇಡ ಅಂದ್ರು. ಒಲೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂತುಕೋ ಅಂದೆ." ಅವರ ನಗು ಅಲ್ಲಿಗೆ ನಿಂತಿತು. "ಹುಡುಗರು ಸ್ವಲ್ಪ ತಮಾಷೆ ಮಾಡ್ತಿದ್ರು. ಒಂದು ಮಧ್ಯಾಹ್ನ ಬಟ್ಟಲು ಬಿಟ್ಟು ಎದ್ದ, ಹೋದ. ಅರ್ಧ ಉಂಡಿದ್ದ ಅಷ್ಟೇ."

ಹಿಂದಿನ ಅಂಗಳದಲ್ಲಿ ಅವಳು ರುಬ್ಬುತ್ತಿದ್ದಳು. ನನ್ನನ್ನು ಕಂಡು ಗುಂಡು ನಿಲ್ಲಿಸಿದಳು. ಮಾಲಕರು ಹೇಳಿದ್ದನ್ನು ಹೇಳಿದೆ. ಅವಳು ಹಿಟ್ಟಿನ ಕೈ ತೊಳೆಯದೆ ಹಾಗೆಯೇ ಎದ್ದು ನಿಂತಳು.

"ನನಗ್ಯಾಕ ಬಲಗೈ ಅಂದ್ರಿ?"

"ನಾಚಿಕೆ ಆಯ್ತು ಡಾಕ್ಟ್ರೇ. ಅದೇ ಒಂದು ವಿಷಯಕ್ಕೆ ಅವ ಇಲ್ಲಿಂದ ಹೋದದ್ದು. ಸತ್ತವನೋ ಏನೋ, ಅವನ ಮರ್ಯಾದೆ ಪರವೂರಿನ ಆಫೀಸಿನಲ್ಲಿ ಯಾಕೆ ತೆಗಿಬೇಕು ಅಂತ ಅನ್ನಿಸ್ತು." ಆಮೇಲೆ ಸಣ್ಣ ದನಿಯಲ್ಲಿ, "ನೀವು ಊಟದ ಕೈ ಕೇಳಿದ್ರಿ. ಕೆಟ್ಟ ಕೈ ಯಾವುದು ಅಂತ ಹೇಳ್ಲಿಕ್ಕೆ ಹೊರಟ್ರೆ ಬಾಯಿ ಮುಚ್ಚಿಸಿದ್ರಿ."

ಎಲುಬನ್ನು ಸೀಳಿದ್ದೇನೆಂದು ಹೇಳಿದೆ. ಉಳಿದ ದೇಹ ಎಲ್ಲಿ ಎಂದು ಕೇಳಿದಳು. ಮೂವರ ಎಲುಬು ಬೆರೆತಿದೆ, ಅವನ ಕೆಲವು ಆ ಅಸ್ಥಿಪಂಜರದಲ್ಲಿರಬಹುದು, ಯಾವುವೆಂದು ಯಾರಿಗೂ ಹೇಳಲು ಬರುವುದಿಲ್ಲ ಎಂದೆ.

"ತಲೆ?"

"ಗೊತ್ತಿಲ್ರಿ."

"ಹಾಗಾದ್ರೆ ಆ ಕೈ ಕೊಡಿ" ಎಂದಳು.

ಸೋಮವಾರ ಮುಖ್ಯಸ್ಥರ ಮುಂದೆ ನಿಂತೆ. ಅವರು ಕೆಟ್ಟ ಮನುಷ್ಯರಲ್ಲ; ಪೂರ್ತಿ ಕೇಳಿದರು. ವಾರಸುದಾರರು ಬರಬೇಕಾದ ಅವಧಿ ಎಂದೋ ಮುಗಿದಿದೆ ಎಂದರು. ಕಾನೂನಿನ ಪ್ರಕಾರ ಅದು ಕಾಲೇಜಿನ ವಸ್ತು, ಮ್ಯೂಸಿಯಮ್ಮಿನ ಪಟ್ಟಿಗೆ ಆಗಲೇ ಏರಿದೆ. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಸೆಟೆದ ಕೈಗಳು ಎಷ್ಟೋ ಇವೆ, ಕೀವಿನ ಮಾತಿಗೆ ಒಬ್ಬಳೇ ಸಾಕ್ಷಿ. ಅವಳು ಒಮ್ಮೆ ಮಾತು ಬದಲಿಸಿದ್ದಾಳೆ. ನಿಮ್ಮ ವಿದ್ಯಾರ್ಥಿ ಇಂಥ ಸಾಕ್ಷ್ಯ ತಂದರೆ ನೀವು ಒಪ್ಪುತ್ತೀರಾ?"

ಒಪ್ಪುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು.

ಒಂದು ಹೋಳನ್ನು ಹಲಗೆಗೆ ತಂತಿಯಿಂದ ಬಿಗಿದು ಚೀಟಿ ಅಂಟಿಸಿ ಗಾಜಿನ ಕಪಾಟಿನಲ್ಲಿಟ್ಟೆ. ಪ್ರದರ್ಶನಕ್ಕೆ ಒಂದು ಸಾಕು. ಇನ್ನೊಂದು ಡ್ರಾಯರಿನಲ್ಲಿ ಮೂರು ದಿನ ಇತ್ತು. ನಾಲ್ಕನೆಯ ದಿನ ಅದನ್ನು ತೊಳೆದ ಪಂಚೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಯಾರನ್ನೂ ಕೇಳಲಿಲ್ಲ. ಕಾಕಾ ಬಾಗಿಲಲ್ಲೇ ಕೂತಿದ್ದ. ಚೀಲ ನೋಡಿದ, ನನ್ನನ್ನು ನೋಡಿದ. "ರಜೆ ಚೀಟಿ ನಾನು ಕೊಡುತ್ತೇನೆ, ಸಾಹೇಬರಿಗೆ ಹೊಟ್ಟೆ ಕೆಟ್ಟಿದೆ ಎನ್ನುತ್ತೇನೆ, ನಡೀರಿ" ಎಂದ.

ರೈಲಿನಲ್ಲಿ ಚೀಲವನ್ನು ಮೇಲಿನ ಹಲಗೆಯಲ್ಲಿಡಲು ಮನಸ್ಸಾಗಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದವರು ಕಡಲೆ ತಿನ್ನುತ್ತಿದ್ದರು, ನನಗೂ ಕೊಟ್ಟರು, ತಿಂದೆ.

ಸೂರತ್ತಿನ ತಾಪಿ ನದಿಯ ದಡಕ್ಕೆ ಅವಳ ಜೊತೆ ಮಾಲಕರೂ ಬಂದಿದ್ದರು. ನೀರು ಕಡಿಮೆಯಿತ್ತು, ಕೆಸರು ದಾಟಿ ಹೋಗಬೇಕಾಗಿತ್ತು. ಅವಳು ಬಟ್ಟೆ ಬಿಚ್ಚಿ ನೋಡಿದಳು. ಹೊರಗಿನ ನುಣುಪು ಬದಿಯನ್ನಲ್ಲ, ನಾನು ಗರಗಸ ಹಾಕಿದ ಬದಿಯನ್ನು. ಹೆಬ್ಬೆರಳಿನಿಂದ ಆ ಸುರಂಗದ ಉದ್ದಕ್ಕೂ ಒಮ್ಮೆ ಸವರಿದಳು.

"ಇದು ಅವನೇ ಅಲ್ವಾ ಡಾಕ್ಟ್ರೇ?"

ಇರಬಹುದು ಎನ್ನಬೇಕಿತ್ತು. ಹೆಚ್ಚಿನಂಶ ಎನ್ನಬಹುದಿತ್ತು. ಖಾತ್ರಿ ಎಂದು ಒಮ್ಮೆ ಹೇಳಿ ಅವಳನ್ನು ಇನ್ನೊಂದು ಸ್ಟೇಷನ್ನಿಗೆ ಕಳಿಸಿದವನು ನಾನು.

"ಹೌದ್ರಿ. ಅವನ" ಎಂದೆ.

ಬಾಯಿಬಿಟ್ಟು ಹೇಳಿದೆನೋ, ಬರೀ ತಲೆಯಾಡಿಸಿದೆನೋ, ಅದೂ ಈಗ ಗೊತ್ತಿಲ್ಲ. ಅವಳು ಸೊಂಟದವರೆಗೆ ನೀರಿಗಿಳಿದು ಅದನ್ನು ಬಿಟ್ಟಳು. ಎಲುಬು ಒಣಗಿದ್ದರಿಂದ ತಕ್ಷಣ ಮುಳುಗಲಿಲ್ಲ. ಸ್ವಲ್ಪ ದೂರ ತೇಲಿತು. ಅವಳು ಅದರ ಹಿಂದೆ ಎರಡು ಹೆಜ್ಜೆ ಹೋದಳು, ಮಾಲಕರು ದಡದಿಂದ ಕೂಗಿದರು. ಆ ತಿಂಗಳೇ ಅವಳು ಊರಿಗೆ ಹೋದಳು. ಮತ್ತೆ ಸೂರತ್ತಿಗೆ ಬರಲಿಲ್ಲವೆಂದು ಕೇಳಿದೆ.

ತಪಾಸಣಾ ಸಮಿತಿ ಬಂತು, ಅಸ್ಥಿಪಂಜರ ನೋಡಿತು, ಬೆನ್ನುಮೂಳೆಯ ಬಾಗು ಚೆನ್ನಾಗಿ ಬಂದಿದೆ ಎಂದಿತು. ಇನ್ನೊಂದು ಹೋಳನ್ನು ಯಾರೂ ಕೇಳಲಿಲ್ಲ. ಆದರೆ ನಾನು ಆ ದಡದಲ್ಲಿ ಹೇಳಿದ್ದು ಸುಳ್ಳಾಗಿರಬಹುದೆಂಬ ಮಾತು ನನ್ನನ್ನು ಬಿಡಲಿಲ್ಲ. ಬೇರೊಬ್ಬನ ಎಲುಬನ್ನು ಹೊಳೆಗೆ ಬಿಡಿಸಿ, ಬದುಕಿರುವವನ ಹುಡುಕಾಟವನ್ನು ನಿಲ್ಲಿಸಿದ್ದರೆ? ಒಮ್ಮೊಮ್ಮೆ ರೈಲು ಇಳಿದಾಗ ನಾನೂ ಪ್ಲಾಟ್‌ಫಾರ್ಮಿನಲ್ಲಿ ಮಲಗಿದವರ ಕೈಗಳನ್ನು ನೋಡುತ್ತಿದ್ದೆ.

ಎರಡು ವರ್ಷದ ಮೇಲೆ ಪರೀಕ್ಷಕನಾಗಿ ಅಹಮದಾಬಾದಿಗೆ ಹೋಗಬೇಕಾಯಿತು. ನಮ್ಮ ರಿಜಿಸ್ಟರಿನಲ್ಲಿದ್ದ ಮೂರನೆಯ ಶವದ ನಂಬರನ್ನು ಬರೆದುಕೊಂಡು ಹೋಗಿದ್ದೆ. ಆ ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತರು ಒಂದು ಮಧ್ಯಾಹ್ನ ಹುಡುಕಿ ಕಾಗದಗಳನ್ನು ಕೊಟ್ಟರು. ನಂಬರ್ ಅದೇ. ನಾವು ಅಂದುಕೊಂಡಂತೆ ಅವನನ್ನು ಸತ್ತ ಮೇಲೆ ತಂದದ್ದಲ್ಲ. ಜ್ವರದಲ್ಲಿದ್ದವನನ್ನು ಸ್ಟೇಷನ್ನಿನಿಂದ ತಂದು ವಾರ್ಡಿಗೆ ಸೇರಿಸಿದ್ದರು. ಹೆಸರಿನ ಜಾಗ ಖಾಲಿ. ಬಲ ಮೊಣಕೈ ಸೆಟೆದಿದೆ, ಎಡಗೈಯಲ್ಲಿ ಊಟ ಮಾಡುತ್ತಾನೆ ಎಂದಿತ್ತು. ಅದರ ಕೆಳಗೆ ದಿನಕ್ಕೊಂದು ಸಾಲು, ಬೇರೆಬೇರೆ ನರ್ಸುಗಳ ಕೈಬರಹ, ಪ್ರತಿ ಸಾಲಿನಲ್ಲೂ ಹೆಚ್ಚುಕಡಿಮೆ ಅದೇ ಮಾತು: ರೋಗಿ ಮಾತಾಡುತ್ತಾನೆ, ಮದ್ರಾಸಿ ಭಾಷೆ, ತಿಳಿಯುವುದಿಲ್ಲ. ಸಾಲುಗಳನ್ನು ಎರಡು ಸಲ ಎಣಿಸಿದೆ. ಒಂಬತ್ತು ದಿನ.